ಹೊಗೆ ಹೋಗುವ ದಾರಿ

ಹೆಸರು ಒಂದು, ಮಾಡುವ ಕೆಲಸ ಇನ್ನೊಂದು ಎನ್ನುವಂಥ ವಸ್ತುಗಳ ಸಾಲಿನಲ್ಲಿ ಈಗಿನ ಕಾಲದ ಸೈಲೆನ್ಸರಿಗೆ ಮೊದಲ ಸ್ಥಾನ ಕೊಡಬೇಕು. ಸದ್ದಡಗಿಸಲೆಂದೇ ಹುಟ್ಟಿದ ಈ ನಳಿಗೆಯ ಒಳಗಿನ ಕರುಳನ್ನೆಲ್ಲ ತೆಗೆಸಿ, ಇಡೀ ಓಣಿಗೆ ಕೇಳುವಂತೆ ಮಾಡಿಕೊಂಡು ತಿರುಗುವ ಹುಡುಗರು ನಮ್ಮ ಕೆಲಗೇರಿಯಲ್ಲೂ ಇದ್ದಾರೆ. ಸಂಜೆ ಕೆರೆಯ ಕಡೆ ಗಾಳಿಗೆಂದು ಬಂದು ಕೂತವರ ಮಾತು, ಗೋವಾ ರಸ್ತೆಯಲ್ಲಿ ಅಂಥದೊಂದು ಗಾಡಿ ಹಾದುಹೋಗುವವರೆಗೆ ನಿಂತು ಆಮೇಲೆ ಮುಂದುವರಿಯುತ್ತದೆ. ರಾಜ್ಯದ ಕೆಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಅವುಗಳ ಮೇಲೆ ರೋಡ್ ರೋಲರ್ ಹಾಯಿಸಿದ ಫೋಟೋಗಳನ್ನು ನೀವೂ ನೋಡಿರಬಹುದು. ನನಗಂತೂ ಆ ಫೋಟೋ ಕಂಡಾಗ ಪೈಪಿನ ಮೇಲೇ ಮರುಕ ಬರುತ್ತದೆ. ಹುಡುಗರಿಗೂ ಅದು ಸದ್ದಿನ ಕೊಳವೆ, ಪೊಲೀಸರಿಗೂ ಅದು ಸದ್ದಿನ ಕೊಳವೆ. ಅದು ಎಂಜಿನ್ನಿನ ಒಂದು ಅಂಗವೆಂದು ಯಾರೂ ಎಣಿಸಿದಂತೆ ಕಾಣುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನನ್ನ ಹತ್ತಿರ 1987ರ ಒಂದು ಯಜ್ದಿ ರೋಡ್‌ಕಿಂಗ್ ಇದೆ. ಕೆಎ-25 ಎಂಬ ಸಂಖ್ಯೆ ಧಾರವಾಡಕ್ಕೆ ಬರುವುದಕ್ಕೂ ಮೊದಲಿನ ನಂಬರು ಅದರದು. 1992ರಲ್ಲಿ ಸಹೋದ್ಯೋಗಿಯೊಬ್ಬರಿಂದ ಕೊಂಡದ್ದು. ಮಗಳನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟಿದ್ದು ಇದರ ಮೇಲೆಯೇ. 2014ರಿಂದ ಅದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ಒಡೆದ ನೀರಿನ ಟಾಕಿ ಮತ್ತು ಕುಳ್ಳಿನ ಚೀಲಗಳ ನಡುವೆ ನಿಂತುಬಿಟ್ಟಿತ್ತು. ನೋಂದಣಿಯ ಅವಧಿ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಹೋದ ವರ್ಷದ ಶ್ರಾವಣದಲ್ಲಿ ನನ್ನ ಹೆಂಡತಿ ಗುಜರಿಯವನೊಬ್ಬನನ್ನು ಕರೆಸಿ ತೂಕದ ಲೆಕ್ಕದಲ್ಲಿ ಮಾತು ಮುಗಿಸಿಯೂಬಿಟ್ಟಿದ್ದಳು. ಮುಂದಿನ ತಿಂಗಳು ಬಂದು ಒಯ್ಯುವುದೆಂದು ತೀರ್ಮಾನ.

ಆಗ ಅಡ್ಡ ಬಂದವಳು ಮಗಳು. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗಿನ ಮೂರನೇ ವರ್ಷ. ಕಂಪ್ಯೂಟರಿನಲ್ಲಿ ಇಡೀ ಎಂಜಿನ್ ಬಿಡಿಸಿ ತಿರುಗಿಸಿ ತೋರಿಸುತ್ತಾಳೆ. ಆದರೆ ಲ್ಯಾಬಿನ ಹೊರಗೆ ಪಾನಾ ಹಿಡಿದವಳಲ್ಲ.

"ಅಪ್ಪಾ, ಗಾಡಿ ಯಾಕ ನಿಂತದ?"

"ಎಡಗಡೆ ಸೈಲೆನ್ಸರ್ ತಳಾ ತೂತು ಬಿದ್ದದ. ಬೆಂಡ್ ಪೈಪ್ ಅಲುಗಾಡ್ತದ. ರಿಂಗ್ ನಟ್ ಕಚ್ಚಿಕೊಂಡು ಕೂತದ, ಬಿಚ್ಚಾಕ ಬರಂಗಿಲ್ಲ."

"ಅಷ್ಟs ಅಲ್ಲಾ? ನಾ ಬಿಚ್ಚತೀನಿ."

"ಕ್ಯಾಂಪಸ್ ಇಂಟರ್‌ವ್ಯೂ ಹತ್ರ ಬಂದಾವ. ಎಂಜಿನಿಯರ್ ಆಗು ಅಂತ ಕಳಿಸಿದರ ಗ್ಯಾರೇಜ್ ತಗೀತೀಯೇನ?" ಎಂದು ಒಳಗಿನಿಂದ ಅವ್ವನ ದನಿ ಬಂತು. ಕೊನೆಗೆ ಗುಜರಿಯವನು ಬರುವವರೆಗೆ ಎಂದು ಒಪ್ಪಂದವಾಯಿತು. ಅಲ್ಲಿಗೆ ಇಪ್ಪತ್ತಾರು ದಿನ.

ಯಜ್ದಿಯ ವಿಷಯ ಇಂದಿನ ಹುಡುಗರಿಗೆ ಸ್ವಲ್ಪ ಹೇಳಬೇಕು. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಅದನ್ನು ಕಟ್ಟಿದವರು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ. ಮರುವರ್ಷ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ಶುರುವಾದ ಗಾಡಿ ಎಪ್ಪತ್ತರ ದಶಕದಲ್ಲಿ ಯಜ್ದಿಯಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯಜ್ದಿ ಎಂಬ ಹೆಸರುಗಳು ಬೇರೆ ಕಂಪನಿಯಿಂದ ಮತ್ತೆ ರಸ್ತೆಗೆ ಬಂದವು. ಆದರೆ ಅವು ಫೋರ್ ಸ್ಟ್ರೋಕ್ ಗಾಡಿಗಳು, ಹೆಸರೊಂದೇ ಹಳೆಯದು. ಹಳೆಯದರದು 250 ಸಿಸಿಯ ಟೂ ಸ್ಟ್ರೋಕ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು! ಇದನ್ನು ಕಂಡವರೆಲ್ಲ ಬರೀ ಚೆಂದಕ್ಕೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಹೊಗೆ ಹೋಗಲು ಸಿಲಿಂಡರಿನ ಗೋಡೆಯಲ್ಲಿ ಒಂದೇ ದೊಡ್ಡ ಕಿಂಡಿ ಕೊರೆದರೆ ಪಿಸ್ಟನ್ನಿನ ರಿಂಗು ಅದರೊಳಗೆ ಸಿಕ್ಕಿ ಮುರಿಯುವ ಭಯವಿರುತ್ತದೆ. ಎರಡು ಸಣ್ಣ ಕಿಂಡಿ ಮಾಡಿದರೆ ಆ ಭಯವಿಲ್ಲ. ಕಿಂಡಿ ಎರಡಾದ ಮೇಲೆ ಕೊಳವೆ ಎರಡಾಗಲೇಬೇಕು.

ಈ ಕಿಂಡಿಯ ಬಾಯಿಗೆ ಬಾಗಿದ ಕೊಳವೆಯೊಂದು ಬಂದು ಕೂಡುತ್ತದೆ. ಅದೇ ಬೆಂಡ್ ಪೈಪು. ಅದನ್ನು ಹಿಡಿದಿಡುವುದು ಬಳೆಯಂಥ ಒಂದು ರಿಂಗ್ ನಟ್. ಅದರ ಅಂಚಿನ ಗಾಡಿಗಳಿಗೆ ಸಿಕ್ಕಿಸಿ ತಿರುಗಿಸಲು ಕೊಕ್ಕೆಯಂಥ ಬೇರೆಯೇ ಪಾನಾ ಬೇಕು. ರಸ್ತೆ ಬದಿಯ ಅವಸರದ ಮಿಸ್ತ್ರಿಗಳು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಚ್ಚುತ್ತಾರೆ. ಹತ್ತು ಸಲ ಹಾಗೆ ಹೊಡೆದ ಮೇಲೆ ನಟ್ಟಿನ ಗಾಡಿಗಳು ಸವೆದು ಹೋಗುತ್ತವೆ. ನಟ್ ಹೋದರೆ ಹೋಗಲಿ, ಇನ್ನೊಂದು ಸಿಕ್ಕೀತು. ಅದು ಕೂಡುವ ಸಿಲಿಂಡರಿನ ಥ್ರೆಡ್ ಹೋದರೆ ಮಾತ್ರ ಗಾಡಿ ಹೋದಂತೆಯೇ. ಮುಚ್ಚಿದ ಕಾರ್ಖಾನೆ ಹೊಸ ಸಿಲಿಂಡರ್ ಮಾಡಿಕೊಡುವುದಿಲ್ಲ.

ಮೊದಲ ದಿನವೇ ಟ್ಯಾಂಕನ್ನು ಬಿಚ್ಚಿ ಒಳಮನೆಗೆ ಒಯ್ದಿಟ್ಟೆವು. ಮುಂದೆ ಬೆಂಕಿಯ ಕೆಲಸವಿತ್ತು. ಎರಡೂ ನಟ್ಟುಗಳ ಸಂದಿಗೆ ಎಂಜಿನ್ ಎಣ್ಣೆ ಬೆರೆಸಿದ ಡೀಸೆಲನ್ನು ಬೆಳಿಗ್ಗೆ ಸಂಜೆ ಎರಡೆರಡು ಹನಿಯಂತೆ ಬಿಡುವುದು, ನಾಲ್ಕು ದಿನ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಮಾಡಲು ಬೇರೇನೂ ಇಲ್ಲ. ಶೆಡ್ಡಿನಲ್ಲಿ ಎರಡು ಮಣೆ ಹಾಕಿಕೊಂಡು ಕೂತು ಮಾತಾಡುವುದಷ್ಟೇ.

ಟೂ ಸ್ಟ್ರೋಕ್ ಎಂಜಿನ್ನಿನ ಹೊಗೆಕೊಳವೆಯಲ್ಲಿ ನಡೆಯುವ ಆಟವನ್ನು ನಾನು ಅವಳಿಗೆ ಹೇಳಿದ್ದು ಆಗಲೇ. ನಮ್ಮ ಕೆಲಗೇರಿ ಕೆರೆಯಲ್ಲಿ ಕಲ್ಲೆಸೆದರೆ ಅಲೆ ಹೋಗಿ ಏರಿಗೆ ಬಡಿದು ತಿರುಗಿ ಬರುತ್ತದಲ್ಲ, ಹಾಗೆ ಇದು. ಈ ಎಂಜಿನ್ನಿನಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವ ಹೊತ್ತಿಗೇ ಹೊಸ ಪೆಟ್ರೋಲ್-ಗಾಳಿ ಒಳಗೆ ಬರುತ್ತಿರುತ್ತದೆ. ಎರಡೂ ಬಾಗಿಲು ತೆರೆದಿರುವ ಆ ಗಳಿಗೆಯಲ್ಲಿ ಹೊಸದರಲ್ಲೂ ಒಂದಿಷ್ಟು ಹೊಗೆಯ ಹಿಂದೆಯೇ ಓಡಿಹೋಗುತ್ತದೆ. ಆದರೆ ಹೊಗೆಯ ಜೊತೆ ಒಂದು ಒತ್ತಡದ ಅಲೆಯೂ ಕೊಳವೆಯಲ್ಲಿ ಸಾಗುತ್ತದೆ. ಕೊಳವೆ ಮುಂದೆ ಕಿರಿದಾಗುವಲ್ಲಿ ಅದು ಬಡಿದು ವಾಪಸು ಬರುತ್ತದೆ. ಸರಿಯಾದ ಹೊತ್ತಿಗೆ ಬಂದರೆ, ಓಡಿಹೋಗುತ್ತಿದ್ದ ಹೊಸ ಪೆಟ್ರೋಲನ್ನು ಸಿಲಿಂಡರಿನೊಳಗೆ ಮರಳಿ ತಳ್ಳುತ್ತದೆ. ಆ ಸರಿಯಾದ ಹೊತ್ತನ್ನು ನಿರ್ಧರಿಸುವುದು ಕೊಳವೆಯ ಉದ್ದ, ಅಗಲ ಮತ್ತು ಆಕಾರ. ಒಳಗಿನ ಕರುಳು ತೆಗೆಸಿದ ಹುಡುಗನಿಗೆ ಸದ್ದು ಹೆಚ್ಚಾದಾಗ ಶಕ್ತಿಯೂ ಹೆಚ್ಚಾಯಿತೆನ್ನಿಸುತ್ತದೆ. ಊರೊಳಗಿನ ವೇಗದಲ್ಲಿ ಸಾಮಾನ್ಯವಾಗಿ ಆಗುವುದು ಅದರ ವಿರುದ್ಧ.

ಈ ವಿದ್ಯೆಯನ್ನು ಕೈವಶ ಮಾಡಿಕೊಂಡವನು ಪೂರ್ವ ಜರ್ಮನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಐವತ್ತರ ದಶಕದಲ್ಲಿ ಎಂಜೆಡ್ ಎಂಬ ಕಾರ್ಖಾನೆಯಲ್ಲಿ ದುಡ್ಡಿನ ಬಲವಿಲ್ಲದೆ, ಕೊಳವೆಗಳ ಆಕಾರವನ್ನು ತಿದ್ದಿ ತಿದ್ದಿ, 1961ರ ಹೊತ್ತಿಗೆ 125 ಸಿಸಿಯ ಎಂಜಿನ್ನಿನಿಂದ 25 ಅಶ್ವಶಕ್ತಿ ಹೊರಡಿಸಿದ. ನಮ್ಮ ರೋಡ್‌ಕಿಂಗ್ ಅದರ ಎರಡು ಪಟ್ಟು ದೊಡ್ಡದು, ಶಕ್ತಿ ಹದಿನಾರು! ಅವನ ಗಾಡಿ ಓಡಿಸುತ್ತಿದ್ದ ಅರ್ನ್ಸ್ಟ್ ಡೆಗ್ನರ್ ಅದೇ ವರ್ಷ ಬರ್ಲಿನ್ ಗೋಡೆ ಎದ್ದ ಮರುತಿಂಗಳೇ, ಸ್ವೀಡನ್ನಿನ ರೇಸಿಗೆ ಹೋದವನು ಪೂರ್ವ ಜರ್ಮನಿಗೆ ಮರಳಲಿಲ್ಲ. ಹೆಂಡತಿ ಮಕ್ಕಳನ್ನೂ ಗುಟ್ಟಾಗಿ ಗಡಿ ದಾಟಿಸಿದ. ಆಮೇಲೆ ಜಪಾನಿನ ಸುಜುಕಿಯನ್ನು ಸೇರಿ, ತಲೆಯಲ್ಲಿ ತುಂಬಿಕೊಂಡು ಬಂದದ್ದನ್ನು ಅವರಿಗೆ ಕೊಟ್ಟ. 1962ರಲ್ಲಿ ಸುಜುಕಿ 50 ಸಿಸಿಯ ವಿಶ್ವ ಪ್ರಶಸ್ತಿ ಗೆದ್ದಿತು. ಓಡಿಸಿದವನು ಡೆಗ್ನರ್‌ನೇ. ಒಂದು ಹೊಗೆಕೊಳವೆಯ ಗುಟ್ಟು ದೇಶಾಂತರ ಹೋದ ಕಥೆ ಇದು. ಮಗಳು ಇದನ್ನು ಕೇಳಿ ಎದ್ದು ಹೋಗಿ, ನಮ್ಮ ಹಳೇ ಬೆಂಡ್ ಪೈಪನ್ನು ದಾರ ಹಿಡಿದು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟಳು. ಆ ಅಳತೆ ಮುಂದೆ ಕೆಲಸಕ್ಕೆ ಬಂತು.

ಐದನೆಯ ದಿನ ಬ್ಲೋ ಲ್ಯಾಂಪಿನಿಂದ ಸಿಲಿಂಡರಿನ ಬಾಯಿಯನ್ನು ನಿಧಾನವಾಗಿ ಕಾಯಿಸಿ, ಕೊಕ್ಕೆ ಪಾನಾ ಹಾಕಿ, ಅದರ ಹಿಡಿಗೆ ಕೊಳವೆ ಸಿಕ್ಕಿಸಿ ಎಳೆದರೆ ಬಲಗಡೆಯ ನಟ್ ಕಿರ್ ಎಂದು ಬಂತು. ಎಡಗಡೆಯದು ಜಪ್ಪಯ್ಯ ಎನ್ನಲಿಲ್ಲ. ಹಳೆಯ ಉಳಿಯ ಏಟುಗಳಿಂದ ಅದರ ಅಂಚು ಪೂರ್ತಿ ಹಾಳಾಗಿತ್ತು.

ಮಳೆ ಬಿಡುವು ಕೊಟ್ಟ ಭಾನುವಾರ ಹಳೇ ಹುಬ್ಬಳ್ಳಿಯ ಮಿಸ್ತ್ರಿ ಚಾಚಾ ಅವರ ಕಡೆ ಹೋದೆವು. ಎಪ್ಪತ್ತು ದಾಟಿದ ಮನುಷ್ಯ. ಯಜ್ದಿ ಬಿಟ್ಟು ಬೇರೆ ಗಾಡಿ ಮುಟ್ಟುವುದಿಲ್ಲ. ಮುಟ್ಟುವುದಿಲ್ಲ ಎನ್ನುವುದಕ್ಕಿಂತ ಬೇರೆಯವು ತಮಗೆ ತಿಳಿಯುವುದಿಲ್ಲ ಎನ್ನುತ್ತಾರೆ. ನಾನು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಮಗಳೇ ಎಲ್ಲ ಹೇಳಿದಳು.

"ಎಷ್ಟು ಜೋರ್ ಹಚ್ಚಿದಿ ಬೇಟಾ?"

"ಎರಡೂ ಕೈಲೆ ಜಗ್ಗೀನ್ರಿ ಚಾಚಾ."

"ಇನ್ನ ಜಗ್ಗಬ್ಯಾಡ. ನಟ್ ಉಳಸೂದು ಬಿಡು, ಸಿಲಿಂಡರ್ ಉಳಸು. ನಟ್‌ಗೆ ಎರಡ ಕಡೆ ಹ್ಯಾಕ್ಸಾ ಹಚ್ಚು. ಥ್ರೆಡ್ ಮುಟ್ಟೂಕ್ಕಿಂತ ಮೊದ್ಲ ನಿಲ್ಲು. ಆಮ್ಯಾಲೆ ಉಳಿ ಇಟ್ಟು ಸಣ್ಣಂಗ ಒಂದ ಏಟ್ ಕೊಡು. ತಾನs ಸೀಳತದ."

"ಎಲ್ಲೆ ನಿಲ್ಲಬೇಕು ಅಂತ ಹೆಂಗ ಗೊತ್ತಾಗತದರಿ?"

ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಪ್ಪಳ ಬದಲಾಗತದ" ಎಂದರು.

ನಮ್ಮ ಪಠ್ಯಪುಸ್ತಕಗಳಲ್ಲಿ ಈ ವಾಕ್ಯಕ್ಕೆ ಜಾಗವಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಾನು ಇದನ್ನು ದೂರಾಗಿ ಹೇಳುತ್ತಿಲ್ಲ. ಜಾಗ ಮಾಡುವುದು ಹೇಗೆಂದು ಯಾರಿಗೂ ಹೊಳೆದಿಲ್ಲ, ಅಷ್ಟೆ. ಹಿಡಿ ಇಡಲು ಸ್ಥಳವಿಲ್ಲದ್ದರಿಂದ ಬರೀ ಬ್ಲೇಡಿಗೆ ಬಟ್ಟೆ ಸುತ್ತಿಕೊಂಡು ಅವಳು ಕೊಯ್ಯಲು ಕೂತಳು. ಹತ್ತು ಸಲ ಎಳೆಯುವುದು, ನಿಲ್ಲಿಸಿ ಟಾರ್ಚ್ ಬಿಟ್ಟು ನೋಡುವುದು. ಒಂದು ಸಂಜೆಗೆ ಒಂದು ಬದಿ. ಎರಡನೆಯ ಸಂಜೆ ನನ್ನ ಕೈ ನಡುಗುತ್ತದೆಂದು ಟಾರ್ಚನ್ನು ಅವ್ವ ಹಿಡಿದಳು. ಗಾಡಿಯ ಬಗ್ಗೆ ಅವಳ ಅಭಿಪ್ರಾಯವೇನೂ ಬದಲಾಗಿರಲಿಲ್ಲ. "ಲಗೂ ಮುಗಿಸು, ರೊಟ್ಟಿ ಆರತಾವ" ಎನ್ನುತ್ತಲೇ ಮುಕ್ಕಾಲು ಗಂಟೆ ನಿಂತಿದ್ದಳು. ಒಂದು ಕ್ಷಣ ಮಗಳು ತಟ್ಟನೆ ಕೈ ನಿಲ್ಲಿಸಿ, "ಅಪ್ಪಾ, ಬದಲಾತು" ಎಂದಳು. ನನಗೆ ಏನೂ ಕೇಳಿಸಿರಲಿಲ್ಲ. ಉಳಿ ಇಟ್ಟು ಒಂದು ಏಟು. ನಟ್ ಎರಡು ಹೋಳಾಗಿ ಕೆಳಗೆ ಬಿತ್ತು.

ಬಿಚ್ಚಿದ ಸೈಲೆನ್ಸರನ್ನು ಅಲುಗಾಡಿಸಿದರೆ ಒಳಗಿನಿಂದ ತುಕ್ಕಿನ ಚಕ್ಕೆಗಳು ಉದುರಿದವು. ಹೊರಗಿನ ಕ್ರೋಮು ಇನ್ನೂ ಮಿಂಚುತ್ತಿತ್ತು. ಇದು ಎಲ್ಲರನ್ನೂ ಮೋಸಗೊಳಿಸುವ ಸಂಗತಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಬಿಸಿ ಕೊಳವೆಯಲ್ಲಿ ಅದು ಹಬೆಯಾಗಿ ಹೋಗುತ್ತದೆ. ಆದರೆ ಸಂತೆಗೆ, ಶಾಲೆಗೆ ಎಂದು ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಕೊಳವೆ ಕಾಯುವುದೇ ಇಲ್ಲ, ನೀರು ತಳದಲ್ಲಿ ನಿಂತು ಒಳಗಿನಿಂದಲೇ ತಿನ್ನುತ್ತದೆ. ದೂರ ಓಡುವ ಗಾಡಿಗಿಂತ ಓಣಿ ಸುತ್ತುವ ಗಾಡಿಯ ಸೈಲೆನ್ಸರ್ ಬೇಗ ಹೋಗುವುದು ಇದಕ್ಕೇ.

ಬಿಡಿಭಾಗದ ಅಂಗಡಿಯೊಂದರಿಂದ ತಂದ ನಕಲಿ ಬೆಂಡ್ ಪೈಪು ಗೋಡೆಯ ಮೇಲಿನ ಅಳತೆಗಿಂತ ಎರಡು ಬೆರಳು ಗಿಡ್ಡ. ಬೋಲ್ಟ್ ಬಿಗಿ ಮಾಡಿ ಎಳೆದು ಕೂರಿಸಬಹುದೆಂದು ಅಂಗಡಿಯವನ ಸಲಹೆ. ಹಾಗೆ ಎಳೆದು ಕೂರಿಸಿದ ಕೊಳವೆ ಕಾದು ಹಿಗ್ಗಿದಾಗ ಎಲ್ಲಾದರೂ ಸೀಳಲೇಬೇಕು. ವಾಪಸು ಕೊಟ್ಟು ಚಾಚಾ ಬಳಿ ಹೋದೆವು. ಅವರು ಮೊದಲು ಕೇಳಿದ್ದು ಕೊಯ್ದ ನಟ್ಟಿನ ಹೋಳುಗಳನ್ನು. ಬೆಳಕಿಗೆ ಹಿಡಿದು, ಕೊಯ್ತ ಎಲ್ಲಿ ನಿಂತಿದೆಯೆಂದು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ಮೊಮ್ಮಗನನ್ನು ಅಟ್ಟಕ್ಕೆ ಹತ್ತಿಸಿದರು. ಗ್ರೀಸ್ ಬಳಿದು ಹಳೆಯ ಪೇಪರಿನಲ್ಲಿ ಸುತ್ತಿದ ಎರಡು ಬೆಂಡ್ ಪೈಪು, ಎರಡು ಸೈಲೆನ್ಸರ್ ಕೆಳಗೆ ಬಂದವು, ಕಾರ್ಖಾನೆಯ ಕಾಲದವು. ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ, ಅದನ್ನೂ ಹೇಳಬೇಕು.

ಜೋಡಿಸುವುದಕ್ಕೊಂದು ಕ್ರಮವಿದೆ. ಸಿಲಿಂಡರಿನ ಬಾಯಿಯ ಹಳೇ ಮಸಿಯನ್ನೆಲ್ಲ ಕೆರೆದು ಹೊಸ ವಾಶರ್ ಇಡಬೇಕು. ಹಳೆಯ ವಾಶರಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಅದನ್ನು ಒಣಗಿದ್ದಾಗ ಕೆರೆಯದೆ ಒದ್ದೆ ಮಾಡಿ ತೆಗೆಯಬೇಕು. ಎಲ್ಲ ನಟ್ಟುಗಳನ್ನೂ ಮೊದಲು ಸಡಿಲವಾಗಿಯೇ ಹಾಕಿ, ಕೊಳವೆಗಳು ತಾವಾಗಿ ಕೂತ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡುತ್ತ ಹೋಗಬೇಕು. ಕೊನೆಯದು ಹಿಂದಿನ ಕ್ಲಾಂಪು.

ಚಾಲು ಮಾಡುವ ದಿನ ಮತ್ತೆ ಮಳೆ. ಅವ್ವ ಶೆಡ್ಡಿನಲ್ಲೇ ಚಾಲು ಮಾಡಿ, ಮನೆಯೊಳಗೆ ಹೊಗೆ ಬಾರದಂತೆ ಬಾಗಿಲು ಹಾಕಿಕೊಳ್ಳಿ ಎಂದಳು. ಇದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಗಾಡಿಯನ್ನು ಅಂಗಳಕ್ಕೆ ತಳ್ಳಿ, ಕೊಡೆ ಹಿಡಿದೇ ಚಾಲು ಮಾಡುವುದೆಂದು ಹಟ ಹಿಡಿದೆ. ಮಗಳು ಆ ವಾರವಷ್ಟೇ ಓದಿದ್ದ ಪೋರ್ಷೆ ಕಾರಿನ ಮಾತು ತೆಗೆದಳು. ಜರ್ಮನಿಯ ಈ ಪ್ರಸಿದ್ಧ 911 ಕಾರಿಗೆ 1998ರವರೆಗೂ ಗಾಳಿಯಿಂದಲೇ ತಣಿಯುವ ಎಂಜಿನ್ ಇತ್ತು, ಅದೂ ಹಿಂಬದಿಯಲ್ಲಿ. ಕಾಯ್ದ ನೀರು ಇಲ್ಲದ್ದರಿಂದ ಚಳಿಗಾಲದಲ್ಲಿ ಒಳಗೆ ಕೂತವರನ್ನು ಬೆಚ್ಚಗಿಡಲು ಬೇರೆ ಉಪಾಯ ಮಾಡಿದರು. ಹೊಗೆಕೊಳವೆಗೇ ತಗಡಿನ ಅಂಗಿ ತೊಡಿಸಿ, ಕೊಳವೆಗೂ ಅಂಗಿಗೂ ನಡುವೆ ಗಾಳಿ ಹಾಯಿಸಿ, ಆ ಬಿಸಿಗಾಳಿಯನ್ನು ಕಾರಿನೊಳಗೆ ಬಿಟ್ಟರು. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲೂ ಇದೇ ಏರ್ಪಾಡು. ಹೀಟ್ ಎಕ್ಸ್‌ಚೇಂಜರ್ ಎನ್ನುವುದು ಇದನ್ನೇ. ಹೊಗೆ ಬೇರೆ, ಗಾಳಿ ಬೇರೆ, ನಡುವೆ ಒಂದು ತೆಳು ತಗಡು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಹೊರಗಿನಿಂದ, ನೀರು ಒಳಗಿನಿಂದ ತಿಂದು ಆ ತಗಡು ತೂತು ಬಿದ್ದರೆ ಹೊಗೆ ನೇರವಾಗಿ ಕೂತವರ ಮೂಗಿಗೆ. ಆ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಈ ಕೊಳವೆಗಳನ್ನು ಬದಲಿಸಲು ಅಷ್ಟು ಖರ್ಚು, ಅಷ್ಟು ಪಾಡು ಪಡುವುದು ಅಂದಕ್ಕೋಸ್ಕರ ಅಲ್ಲ. ಅವರಿಗೂ ನಮ್ಮಂತೆ ಕಚ್ಚಿಕೊಂಡ ನಟ್ಟು, ಮುರಿಯುವ ಸ್ಟಡ್ಡುಗಳದೇ ಕಾಟವಂತೆ.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಜೋಂಪು, ಆಮೇಲೆ ಎಚ್ಚರವಿಲ್ಲ. ಮನುಷ್ಯನಿಗೆ ತಾನು ಅಪಾಯದಲ್ಲಿದ್ದೇನೆಂದು ತಿಳಿಯುವುದೇ ಇಲ್ಲ. ಯಜ್ದಿಯಲ್ಲಿ ಬಯಲಲ್ಲೇ ಕೂರುವುದರಿಂದ ಚಿಂತೆಯಿಲ್ಲ. ಆದರೆ ಮುಚ್ಚಿದ ಶೆಡ್ಡಿನಲ್ಲಿ ಯಾವ ಗಾಡಿಯನ್ನೂ ಚಾಲು ಇಡಬಾರದು. ಇದನ್ನೇ ಹೆಂಡತಿಗೆ ಹೇಳುತ್ತಿದ್ದಾಗ ಅವಳು, "ನಮ್ಮ ಬಚ್ಚಲದಾಗಿನ ಗ್ಯಾಸ್ ಗೀಜರದ್ದೂ ಇದs ಕತಿ ಏನ್ರೀ?" ಎಂದಳು. ಹೌದು, ಅದೇ ಕಥೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಜರ್ ಉರಿದು ಜೀವ ಹೋದ ಸುದ್ದಿಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದೇವೆ. ಅಂದೇ ಬಚ್ಚಲಿನ ಕಿಟಕಿಗೆ ಚಳಿಗೆಂದು ಬಡಿದಿದ್ದ ರಟ್ಟನ್ನು ಅವಳೇ ಕಿತ್ತು ಹಾಕಿದಳು. ಗೀಜರನ್ನು ಬಚ್ಚಲಿನ ಹೊರಗೋಡೆಗೆ ಸಾಗಿಸಿದ್ದು ಮರುವಾರ. ಇಡೀ ಕೆಲಸದಲ್ಲಿ ನನಗೆ ಅತಿ ಸಮಾಧಾನ ಕೊಟ್ಟದ್ದು ಅದು.

ಲೀಟರಿಗೆ ನಲವತ್ತು ಮಿಲಿಲೀಟರ್ ಎಣ್ಣೆ ಬೆರೆಸಿದ ಪೆಟ್ರೋಲು ತುಂಬಿ, ಅಂಗಳದಲ್ಲಿ ಮಗಳು ಕಿಕ್ ಹೊಡೆದಳು. ಈ ಗಾಡಿಯಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರು, ಎಡಗಾಲಿನ ಕಡೆ. ಹೊಸಬರಿಗೆ ಅದೇ ಒಂದು ಪರೀಕ್ಷೆ. ಹನ್ನೆರಡನೆಯದೋ ಹದಿಮೂರನೆಯದೋ ಕಿಕ್ಕಿಗೆ ಎಂಜಿನ್ ಎದ್ದಿತು. ಬೆಳ್ಳನೆ ಹೊಗೆ ಎರಡೂ ಬಾಲಗಳಿಂದ ಸಮವಾಗಿ ಬಂತು. ಡಗ್ ಡಗ್ ಎಂಬ ಆ ಸದ್ದು ಪಕ್ಕದ ಮನೆಯ ಕೂಸನ್ನು ಎಬ್ಬಿಸಲಿಲ್ಲ. ಗುಜರಿಯವನು ಬರಲು ಇನ್ನೂ ಆರು ದಿನವಿತ್ತು. ಅವ್ವ ಅವನಿಗೆ ಫೋನು ಮಾಡಿ, ಒಡೆದ ಟಾಕಿಯನ್ನಷ್ಟೇ ಒಯ್ಯಲು ಹೇಳಿದಳು. ಮಗಳ ಇಂಟರ್‌ವ್ಯೂಗಳ ಬಗ್ಗೆ ಅವಳ ಆತಂಕ ಮಾತ್ರ ಇದ್ದಲ್ಲೇ ಇದೆ. ಅದು ನ್ಯಾಯವೂ ಹೌದು.

ಗಾಡಿಯನ್ನು ತೋರಿಸಬೇಕಿತ್ತು, ಆದರೆ ನೋಂದಣಿ ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಚಾಚಾ ಅವರನ್ನೇ ಆಟೋದಲ್ಲಿ ಕೆಲಗೇರಿಗೆ ಕರೆತಂದೆವು. ಚಹಾ ಬೇಡವೆಂದು ನೇರವಾಗಿ ಗಾಡಿಯ ಹತ್ತಿರ ಹೋದರು. ಚಾಲು ಮಾಡಿಸಿದರು. ಎರಡೂ ಬೆಂಡ್ ಪೈಪುಗಳ ಬಾಯಿಯ ಹತ್ತಿರ, ಮುಟ್ಟದೆ, ಅಂಗೈ ಹಿಡಿದರು. ಬಲಗಡೆ ಒಂದು ಸಲ, ಎಡಗಡೆ ಎರಡು ಸಲ. ಬಂದ್ ಮಾಡಿಸಿ, ಸಂದಿಗೆ ಬಿಳಿ ಬಟ್ಟೆಯ ತುದಿ ಒತ್ತಿ ನೋಡಿದರು. ಅದರ ಮೇಲೆ ಎಳ್ಳುಕಾಳಿನಷ್ಟು ಕಪ್ಪು ಕಲೆ ಬಂದಿತ್ತು.

"ಕಾಯ್ದ ಮ್ಯಾಲೆ ವಾಶರ್ ಕೂಡತದ ಬೇಟಾ. ಎಡಗಡೆದು ಆರಲಿ. ಆಮ್ಯಾಲೆ ಕಾಲು ಸುತ್ತು. ಅರ್ಧ ಬ್ಯಾಡ."

ಮಗಳು ಕೊಕ್ಕೆ ಪಾನಾ ತೊಡೆಯ ಮೇಲಿಟ್ಟುಕೊಂಡು ಮಣೆ ಎಳೆದು ಕೂತಳು. ಚಾಚಾ ಈಗ ಚಹಾ ತರಲು ಹೇಳಿದರು.